ಅಜ್ಜನ ಕಾಲದ ಗಡಿಯಾರ: ಮಾರುವ ಮುನ್ನ, ಕೊಳ್ಳುವ ಮುನ್ನ

ಹಳೇ ಮನೆ ಕೆಡವಿ ಹೊಸ ಮನೆ ಕಟ್ಟುವಾಗ ಜಗುಲಿಯ ಗಡಿಯಾರ ಅಂಗಳಕ್ಕೆ ಬೀಳುತ್ತದೆ. ಅದು ನಿಂತು ಎಷ್ಟೋ ವರ್ಷವಾಗಿರುತ್ತದೆ. ಗುಜರಿಯವನು ಹೇಳಿದ ಬೆಲೆಗೆ ಹಳೇ ಕಬ್ಬಿಣದ ಜತೆ ಅದೂ ಹೋಗುತ್ತದೆ. ಇನ್ನೊಂದೆಡೆ, ‘ನೂರೈವತ್ತು ವರ್ಷದ್ದು’ ಎಂಬ ಮಾತು ನಂಬಿ, ನಿನ್ನೆ ಮೊನ್ನೆ ಜೋಡಿಸಿದ ಗಡಿಯಾರಕ್ಕೆ ಸಾವಿರಾರು ರೂಪಾಯಿ ಸುರಿಯುವವರೂ ಇದ್ದಾರೆ. ಎರಡೂ ನಷ್ಟವೇ. ಕೆಲವು ಗುರುತು ತಿಳಿದಿದ್ದರೆ ಎರಡನ್ನೂ ತಪ್ಪಿಸಬಹುದು.

ಹೆಸರು ಬಂದದ್ದು ಹಾಡಿನಿಂದ

ಲೋಲಕದ ಗಡಿಯಾರವನ್ನು ರೂಪಿಸಿದವರು ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್, 1656ರಲ್ಲಿ. ಆಗ ಲೋಲಕ ಚಿಕ್ಕದು, ತೂಗಾಟ ದೊಡ್ಡದು. ಮುಂದೆ 1670ರ ಆಸುಪಾಸಿನಲ್ಲಿ ಇಂಗ್ಲೆಂಡಿನಲ್ಲಿ ಲಂಗರಿನ ಆಕಾರದ ಕೊಂಡಿ ಬಳಕೆಗೆ ಬಂತು. ಇದರಿಂದ ಲೋಲಕದ ತೂಗಾಟ ಕಡಿಮೆಯಾಯಿತು. ಉದ್ದನೆಯ ಲೋಲಕವನ್ನೂ ಕಿರಿದಾದ ಪೆಟ್ಟಿಗೆಯೊಳಗೆ ಇಡಲು ಸಾಧ್ಯವಾಯಿತು. ಸುಮಾರು 99.4 ಸೆಂಟಿಮೀಟರ್ ಉದ್ದದ ಲೋಲಕ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಸರಿಯಾಗಿ ಒಂದು ಸೆಕೆಂಡ್ ಹಿಡಿಯುತ್ತದೆ. ಆಳೆತ್ತರದ ಪೆಟ್ಟಿಗೆ ಬಂದದ್ದು ಇದೇ ಕಾರಣಕ್ಕೆ.

ಇಂಗ್ಲೆಂಡಿನಲ್ಲಿ ಇದಕ್ಕೆ ‘ಲಾಂಗ್‌ಕೇಸ್’ ಗಡಿಯಾರ ಎಂದೇ ಹೆಸರು. 1876ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಅಜ್ಜನ ಗಡಿಯಾರದ ಬಗ್ಗೆ ಬರೆದ ಹಾಡು ಜನಪ್ರಿಯವಾಯಿತು. ‘ಗ್ರ್ಯಾಂಡ್‌ಫಾದರ್ ಕ್ಲಾಕ್’ ಎಂಬ ಹೆಸರು ಬಳಕೆಗೆ ಬಂದದ್ದು ಆಮೇಲೆ.

ಅಸಲಿ ಯಾವುದು?

ಇನ್ನೂರು ವರ್ಷ ಓಡಿದ ಗಡಿಯಾರದಲ್ಲಿ ಮುಳ್ಳು, ಗಾಜು, ತೂಕದ ಗುಂಡಿನ ಹಗ್ಗ ಬದಲಾಗಿರುವುದು ಸಹಜ. ಅದು ರಿಪೇರಿ, ಮೋಸವಲ್ಲ. ಒಂದು ಗಡಿಯಾರದ ಯಂತ್ರವನ್ನು ಇನ್ನೊಂದರ ಪೆಟ್ಟಿಗೆಗೆ ಕೂರಿಸಿ ‘ಮೂಲದ್ದು’ ಎಂದು ಮಾರುವುದು ಮೋಸ. ಇಂಥ ಜೋಡಣೆಗೆ ಇಂಗ್ಲಿಷ್ ವ್ಯಾಪಾರಿಗಳು ‘ಮ್ಯಾರೇಜ್’ ಎನ್ನುತ್ತಾರೆ. ಹೆಸರು ಮದುವೆ, ಬೆಲೆಗೆ ಮಾತ್ರ ಗ್ರಹಣ. ಇದನ್ನು ಪತ್ತೆ ಮಾಡಲು ಹೀಗೆ ನೋಡಬೇಕು:

* ಮೇಲಿನ ಮುಚ್ಚಳ ತೆಗೆದರೆ ಯಂತ್ರ ಕೂತಿರುವ ಹಲಗೆ ಕಾಣುತ್ತದೆ. ಅದರ ಕೆಳಗೆ ಹೊಸ ಮರದ ತುಂಡು ಕೊಟ್ಟು ಎತ್ತರಿಸಿದ್ದರೆ ಅನುಮಾನಿಸಿ.
* ಬಾಗಿಲಿನ ಚೌಕಟ್ಟಿಗೆ ಡಯಲ್ ಸರಿಯಾಗಿ ಹೊಂದಬೇಕು. ಸುತ್ತ ಸಂದು ಉಳಿಯಬಾರದು, ಅಂಕಿಗಳು ಮರೆಯಾಗಬಾರದು.
* ಡಯಲ್ ಹಿಂದೆ ಅಥವಾ ಯಂತ್ರದ ಮುಂದಿನ ಹಿತ್ತಾಳೆ ಫಲಕದಲ್ಲಿ ಬಳಕೆಯಿಲ್ಲದ ತೂತುಗಳಿದ್ದರೆ, ಎರಡರಲ್ಲಿ ಒಂದು ಬೇರೆ ಕಡೆಯಿಂದ ಬಂದಿರಬಹುದು.
* ಪೆಟ್ಟಿಗೆಯ ಒಳಗೋಡೆಯಲ್ಲಿ ಲೋಲಕ ತಾಗಿದ ಹಳೇ ಗೀರು ಇದ್ದರೆ, ಅದು ಈಗಿನ ಲೋಲಕದ ಎತ್ತರಕ್ಕೆ ಹೊಂದುತ್ತದೆಯೇ ನೋಡಿ.
* ಬಿಳಿ ಬಣ್ಣ ಬಳಿದ ಡಯಲ್ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1770ರ ದಶಕದಲ್ಲಿ. ಅದಕ್ಕೂ ಮೊದಲು ಹಿತ್ತಾಳೆಯದು. ಬಿಳಿ ಡಯಲ್ ತೋರಿಸಿ ‘1720ರದ್ದು’ ಎಂದರೆ ಲೆಕ್ಕ ತಪ್ಪಿದೆ.

ಡಯಲ್ ಮೇಲಿನ ಹೆಸರೆಲ್ಲ ತಯಾರಕರದ್ದಲ್ಲ. ಎಷ್ಟೋ ಸಲ ಅದು ಮಾರಿದ ಅಂಗಡಿಯ ಹೆಸರು.

ನಮ್ಮ ಗೋಡೆಯ ಗಡಿಯಾರ

ನಮ್ಮ ಕಡೆಯ ಹಳೇ ಮನೆಗಳಲ್ಲಿ ಆಳೆತ್ತರದ ಗಡಿಯಾರ ಅಪರೂಪ. ಇರುವುದು ಹೆಚ್ಚಾಗಿ ಕೀ ಕೊಡುವ ಗೋಡೆ ಗಡಿಯಾರ: ಅಮೆರಿಕದ ಆನ್ಸೋನಿಯಾ, ಸೇಥ್ ಥಾಮಸ್, ಇಲ್ಲವೇ ಜರ್ಮನಿಯ ಯುಂಗ್‌ಹಾನ್ಸ್, ಗುಸ್ತಾವ್ ಬೆಕರ್. ಡಯಲ್ ಮೇಲಿನ ಹೆಸರನ್ನೇ ನಂಬಬೇಡಿ. ಯಂತ್ರದ ಹಿಂಬದಿಯ ಹಿತ್ತಾಳೆ ಫಲಕದ ಮುದ್ರೆಯನ್ನೂ ನೋಡಿ. ಯುಂಗ್‌ಹಾನ್ಸ್ ಗುರುತು ನಕ್ಷತ್ರ. ಬೆಕರ್ ಯಂತ್ರದಲ್ಲಿ ಕ್ರಮಸಂಖ್ಯೆ ಇರುತ್ತದೆ, ಅದರಿಂದ ವಯಸ್ಸು ಅಂದಾಜು ಮಾಡಬಹುದು. ಆನ್ಸೋನಿಯಾ ಕಂಪನಿ 1929ರಲ್ಲೇ ತನ್ನ ಯಂತ್ರೋಪಕರಣವನ್ನು ಸೋವಿಯತ್ ಒಕ್ಕೂಟಕ್ಕೆ ಮಾರಿತು.

ಕಾಗದದ ಡಯಲ್ ಆದರೆ ಭೂತಗನ್ನಡಿ ಹಿಡಿಯಿರಿ. ಈಗಿನ ಬಣ್ಣದ ಮುದ್ರಣದಂತೆ ಸಣ್ಣ ಚುಕ್ಕಿಗಳು ಕಂಡರೆ ಡಯಲ್ ಹೊಸದು. ಕೂಡಿಸುವ ಚಿಹ್ನೆಯಂತೆ ಗೀರಿರುವ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಹಳೆಯದೆನ್ನುವ ಗಡಿಯಾರದಲ್ಲಿ ಅದು ಕಂಡರೆ ಆಮೇಲೆ ಯಾರೋ ಕೈಯಾಡಿಸಿದ್ದಾರೆ ಎಂದರ್ಥ. ರೋಮನ್ ನಾಲ್ಕರ ಬದಲು ನಾಲ್ಕು ಗೆರೆ ಇರುವುದು ತಪ್ಪೂ ಅಲ್ಲ, ಹಳೆಯದೆನ್ನಲು ಪುರಾವೆಯೂ ಅಲ್ಲ. ಗಡಿಯಾರಗಳಲ್ಲಿ ಅದು ವಾಡಿಕೆ.

ಬೆಲೆ ಹೇಗೆ?

ವಯಸ್ಸೊಂದೇ ಬೆಲೆ ತರುವುದಿಲ್ಲ. ಅಸಲಿತನ, ತಯಾರಕ, ಕೆಲಸದ ನಯ, ಈಗಿನ ಸ್ಥಿತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗೋಡೆ ಗಡಿಯಾರಗಳು ಕಾರ್ಖಾನೆಯಿಂದ ರಾಶಿ ರಾಶಿಯಾಗಿ ಬಂದವು, ಹಾಗಾಗಿ ಲಕ್ಷಗಟ್ಟಲೆ ನಿರೀಕ್ಷೆ ಬೇಡ. ಇಂಗ್ಲೆಂಡಿನಲ್ಲೂ ಸಾಮಾನ್ಯ ದರ್ಜೆಯ ಬಿಳಿ ಡಯಲಿನ ದೊಡ್ಡ ಗಡಿಯಾರಗಳಿಗೆ 1990ರ ದಶಕದ ಬೆಲೆ ಈಗಿಲ್ಲ. ಹಾಗೆಂದು ಗುಜರಿ ತೂಕಕ್ಕೆ ಕೊಡುವ ವಸ್ತುವೂ ಅಲ್ಲ. ಒಬ್ಬರ ಮಾತಿಗೆ ನಿಲ್ಲದೆ, ಹಳೇ ಗಡಿಯಾರ ಬಲ್ಲ ಇಬ್ಬರಿಗಾದರೂ ತೋರಿಸಿ. ಕೊಳ್ಳುವುದಾದರೆ ವಯಸ್ಸು, ಬದಲಾಯಿಸಿದ ಭಾಗಗಳ ವಿವರವನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

ಮಾರುವ ಮುನ್ನ ‘ಚೆಂದ’ ಮಾಡಲು ಹೋಗಿಯೇ ಅನೇಕರು ಕೆಡಿಸುತ್ತಾರೆ. ಹುಣಸೆಹಣ್ಣು ಹಾಕಿ ಡಯಲ್ ಉಜ್ಜಬೇಡಿ. ಪೆಟ್ಟಿಗೆಗೆ ಮರಳು ಕಾಗದ, ಹೊಸ ವಾರ್ನಿಷ್ ಬೇಡ. ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಸಾಗಿಸುವಾಗ ಲೋಲಕ, ಗುಂಡುಗಳನ್ನು ಬಿಚ್ಚಿಡಿ.

ಕಾನೂನು ನೆನಪಿರಲಿ

1972ರ ಪ್ರಾಚ್ಯವಸ್ತು ಮತ್ತು ಕಲಾಸಂಪತ್ತು ಕಾಯ್ದೆಯು ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಒಯ್ಯುವುದನ್ನು ತಡೆಯುತ್ತದೆ. ಗಲ್ಫ್‌ನಲ್ಲಿರುವ ಮಗನಿಗೆ ಹಳೇ ಗಡಿಯಾರ ಕಳಿಸಬೇಕೆಂದಿದ್ದರೆ, ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರಕ್ಕಾಗಿ ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಿ.

ಅಸಲಿ ಗಡಿಯಾರಗಳನ್ನು ಕಣ್ಣಾರೆ ಕಾಣಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಬಹುದು. ಅಲ್ಲಿ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಹಾಲೆಂಡಿನ ಗಡಿಯಾರಗಳ ದೊಡ್ಡ ಸಂಗ್ರಹವಿದೆ.

ಮನೆಯ ಗಡಿಯಾರವನ್ನು ಯಾರಿಗಾದರೂ ತೋರಿಸುವ ಮೊದಲು ಪೆಟ್ಟಿಗೆಯ ಒಳಭಾಗವನ್ನು ಒಮ್ಮೆ ನೋಡಿ. ರಿಪೇರಿಯವರು ಪೆನ್ಸಿಲಿನಲ್ಲಿ ಬರೆದ ತಾರೀಖು, ಅಂಗಡಿಯ ಚೀಟಿ, ಹಳೇ ರಸೀದಿ ಸಿಕ್ಕರೆ ಒರೆಸಬೇಡಿ, ಎಸೆಯಬೇಡಿ. ಗಡಿಯಾರ ಎಲ್ಲಿಂದ ಬಂತು, ಯಾರ ಮನೆಯಲ್ಲಿತ್ತು ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ಮಾರಿದರೆ ಅದು ಬೆಲೆ ಕೂಡಿಸುತ್ತದೆ. ಮಾರದಿದ್ದರೆ ಮೊಮ್ಮಕ್ಕಳಿಗೆ ಮನೆಯ ಕತೆ ಹೇಳಲು ಉಳಿಯುತ್ತದೆ.