ಹೆಂಗಸರ ರಕ್ತಹೀನತೆ: ಬೆಳೆಗಾರರು ತಿಳಿದಿರಬೇಕಾದ ಕೆಲವು ಸಂಗತಿಗಳು

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಸಿಂಪಡಿಸಬೇಕು, ಕಾಫಿಯ ಕಾಂಡಕೊರಕಕ್ಕೆ ಏನು ಮಾಡಬೇಕು ಎಂಬುದರ ಬಗ್ಗೆ ಈ ಪತ್ರಿಕೆಯಲ್ಲಿ ನಾವು ಪುಟಗಟ್ಟಲೆ ಬರೆದಿದ್ದೇವೆ. ಅಡಿಕೆಯನ್ನು ಹೆಕ್ಕಿ, ಒಣಗಿಸಿ, ಸುಲಿದು, ಆರಿಸಿ ಚೀಲಕ್ಕೆ ತುಂಬುವ ಹೆಂಗಸರ ಆರೋಗ್ಯದ ಬಗ್ಗೆ ಒಂದು ಸಾಲನ್ನೂ ಬರೆದುದಿಲ್ಲ. ಸದಸ್ಯರು ಇದನ್ನು ಸಂಘದ ವ್ಯವಹಾರಕ್ಕೆ ಹೊರತಾದ ವಿಷಯವೆಂದು ಭಾವಿಸದೆ ಓದಬೇಕೆಂದು ಕೋರುತ್ತೇವೆ.

ನಮ್ಮ ತೋಟದಲ್ಲೇ ನಡೆದುದನ್ನು ಮೊದಲು ಹೇಳಿಬಿಡುತ್ತೇವೆ. ಅಡಿಕೆ ಹೆಕ್ಕಲು ಬರುತ್ತಿದ್ದ ಒಬ್ಬಾಕೆ ಗಂಟೆಗೊಮ್ಮೆ ಕುಳಿತುಬಿಡುತ್ತಿದ್ದಳು. ಸೋಮಾರಿತನವೆಂದು ತಿಳಿದು ಎರಡು ಸಲ ಗದರಿದ್ದೆವು. ಒಂದು ದಿನ ಬುಟ್ಟಿಯ ಸಮೇತ ಕುಸಿದಾಗ ಆಸ್ಪತ್ರೆಗೆ ಕರೆದೊಯ್ದೆವು. ಹಿಮೋಗ್ಲೋಬಿನ್ 6.8 ಇತ್ತು. "ಇಷ್ಟು ದಿನ ಇವರಿಂದ ಕೆಲಸ ಹೇಗೆ ಮಾಡಿಸಿದಿರಿ?" ಎಂದು ಡಾಕ್ಟರು ಕೇಳಿದ್ದು ನಮ್ಮನ್ನು.

ಹಿಮೋಗ್ಲೋಬಿನ್ ಎಂದರೆ ಶ್ವಾಸಕೋಶದಿಂದ ಮೈಯ ಎಲ್ಲ ಕಡೆಗೆ ಆಮ್ಲಜನಕವನ್ನು ಹೊತ್ತೊಯ್ಯುವ ರಕ್ತದ ಕೆಂಪು ವಸ್ತು. ಅದು ತಯಾರಾಗಲು ಕಬ್ಬಿಣಾಂಶ ಬೇಕು. 100 ಮಿ.ಲೀ. ರಕ್ತದಲ್ಲಿ ಇದು ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಗರ್ಭಿಣಿಯಲ್ಲಿ 7ಕ್ಕಿಂತ ಕೆಳಗಿಳಿದರೆ ಅದು ತೀವ್ರ ಸ್ವರೂಪದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆಯಿದೆ. 2015-16ರ ಸಮೀಕ್ಷೆಯಲ್ಲಿ ಇದು 44.8 ಇತ್ತು. ಅಂದರೆ ಕಡಿಮೆಯಾಗಬೇಕಾದ್ದು ಏರಿದೆ. ಇದು ಆಳುಗಳ ಮನೆಯ ಮಾತು ಮಾತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ಗಂಡಸರೂ ಮಕ್ಕಳೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದುದನ್ನು ಉಣ್ಣುವ ಪದ್ಧತಿ ಸದಸ್ಯರ ಮನೆಗಳಲ್ಲೂ ಇನ್ನೂ ಉಂಟು. ತಿಂಗಳ ಸ್ರಾವ ವಿಪರೀತವಾದರೂ ಬಾಯಿಬಿಟ್ಟು ಹೇಳದ ಸಂಕೋಚವೂ ಉಂಟು.

ಇನ್ನು ನಮ್ಮ ಬೆಳೆಗೇ ಸಂಬಂಧಪಟ್ಟ ಒಂದು ಮಾತು. ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಕೆಲವರಿಗೆ ರುಚಿಸಲಿಕ್ಕಿಲ್ಲ. ಕಾಫಿಯಲ್ಲಿರುವ ಕ್ಲೋರೊಜೆನಿಕ್ ಆಮ್ಲ ಮತ್ತು ಚಹಾದ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು, ಅದು ಕರುಳಿನಿಂದ ರಕ್ತಕ್ಕೆ ಸೇರದಂತೆ ಮಾಡುತ್ತವೆ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರಿಕೆ ಶೇಕಡಾ 39ರಷ್ಟೂ, ಚಹಾ ಕುಡಿದಾಗ ಶೇಕಡಾ 64ರಷ್ಟೂ ತಗ್ಗಿತು. ಊಟವಾಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿದರೂ ನಷ್ಟ ಅಷ್ಟೇ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಮಾತ್ರ ಏನೂ ತೊಂದರೆಯಿರಲಿಲ್ಲ. ಆದ್ದರಿಂದ ಕಾಫಿ ಬಿಡಿ ಎಂದು ನಾವು ಹೇಳುತ್ತಿಲ್ಲ, ಹೊತ್ತು ಬದಲಿಸಿ ಎನ್ನುತ್ತೇವೆ. ಕೆಲಸಕ್ಕೆ ಬಂದ ಕೂಡಲೇ ಕಾಫಿ ಕೊಟ್ಟು, ಗಂಟೆ ಕಳೆದ ಮೇಲೆ ತಿಂಡಿ ಕೊಟ್ಟರೆ ನಮಗೆ ಒಂದು ಪೈಸೆಯೂ ಹೆಚ್ಚಿಗೆ ಖರ್ಚಿಲ್ಲ. ಆಸ್ಪತ್ರೆಯವರು ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿಯಲ್ಲೇ ನುಂಗುವ ಹೆಂಗಸರನ್ನು ನಾವು ಕಣ್ಣಾರೆ ಕಂಡಿದ್ದೇವೆ. ರಾತ್ರಿ ಊಟವಾದ ಮೇಲೆ ನೀರಿನಲ್ಲಿ ನುಂಗುವುದು ಲೇಸು. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ಕಟ್ಟುತ್ತದೆ. ಹೆದರಿ ಬಿಡಬಾರದು ಎಂದು ಮೊದಲೇ ತಿಳಿಹೇಳದಿದ್ದರೆ ಮಾತ್ರೆಗಳೆಲ್ಲ ಡಬ್ಬಿಯಲ್ಲೇ ಉಳಿಯುತ್ತವೆ. ಸುಣ್ಣದ ಅಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಂದಿಗೆ ಒಟ್ಟಿಗೆ ತೆಗೆದುಕೊಳ್ಳಬಾರದು. ಅಡಿಕೆಯ ಒಗರೂ ಟ್ಯಾನಿನ್ನೇ ಎಂಬುದು ಬೆಳೆಗಾರರಿಗೆ ಹೊಸ ಸುದ್ದಿಯಲ್ಲ.

ಹುಳಿಹಣ್ಣುಗಳ ಸಿ ಜೀವಸತ್ವ ಇದಕ್ಕೆ ತದ್ವಿರುದ್ಧವಾಗಿ ಕಬ್ಬಿಣ ಹೀರಿಕೆಯನ್ನು ಹೆಚ್ಚಿಸುತ್ತದೆ. ಬೇಸಿಗೆಯಲ್ಲಿ ಬೈಂದೂರು, ಕುಂದಾಪುರದ ಹಾಡಿಗಳಲ್ಲಿ ಬೀಜ ಕಿತ್ತು ರಾಶಿ ರಾಶಿ ಎಸೆಯುವ ಗೇರುಹಣ್ಣಿನಲ್ಲಿ ಇದು ಕಿತ್ತಳೆಗಿಂತ ಹಲವು ಪಾಲು ಹೆಚ್ಚಿದೆ. ಹುರುಳಿ, ಹರಿವೆ, ನುಗ್ಗೆಸೊಪ್ಪು, ತಿನ್ನುವವರಿಗೆ ಮೀನು, ಮರುವಾಯಿ ಇವೆಲ್ಲ ನಮ್ಮಲ್ಲಿ ದುರ್ಲಭವಲ್ಲ.

ಕೊಕ್ಕೆಹುಳದ ವಿಷಯವನ್ನೂ ಹೇಳಬೇಕು. ಅಡಿಕೆ ತೋಟದ ತಂಪು ಮಣ್ಣು, ನೆರಳು ಇದರ ಮರಿಗಳಿಗೆ ಹೇಳಿಮಾಡಿಸಿದ ಜಾಗ. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಕಾಲಿಗೆ ಒಂದು ಜೊತೆ ಬೂಟು, ವೈದ್ಯರ ಸಲಹೆಯ ಮೇರೆಗೆ ಅಲ್ಬೆಂಡಜೋಲ್ ಮಾತ್ರೆ, ಇಷ್ಟರಿಂದ ಬಹುಪಾಲು ನೀಗುತ್ತದೆ. ಗರ್ಭಿಣಿಯರು ಮೊದಲ ಮೂರು ತಿಂಗಳು ಆ ಮಾತ್ರೆ ತೆಗೆದುಕೊಳ್ಳತಕ್ಕದ್ದಲ್ಲ.

ರಕ್ತಹೀನತೆಯ ನಿಜವಾದ ಅಪಾಯ ಗೊತ್ತಾಗುವುದು ಹೆರಿಗೆಯ ಹೊತ್ತಿನಲ್ಲಿ. ಆರೋಗ್ಯವಂತೆ ತಡೆದುಕೊಳ್ಳುವಷ್ಟು ರಕ್ತಸ್ರಾವವನ್ನು ರಕ್ತವಿಲ್ಲದವಳು ತಡೆದುಕೊಳ್ಳಲಾರಳು. ಈ ವಿಷಯದಲ್ಲಿ ನಮ್ಮ ರಾಜ್ಯದ ಬೆಳಗಾವಿಯ ಹಳ್ಳಿಗಳಲ್ಲಿ ನಡೆದ ಸಂಶೋಧನೆ ಲೋಕಕ್ಕೇ ಉಪಕಾರವಾಗಿದೆ. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ತಜ್ಞರೊಡನೆ ಸೇರಿ 2002ರಿಂದ 2005ರವರೆಗೆ 1,620 ಹೆಂಗಸರ ಮೇಲೆ ಪರೀಕ್ಷೆ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ನರ್ಸಮ್ಮನವರೇ ಹೆರಿಗೆ ಮಾಡಿಸಿ, ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನೂ ಉಳಿದವರಿಗೆ ಔಷಧಿಯಿಲ್ಲದ ಮಾತ್ರೆಯನ್ನೂ ಕೊಟ್ಟರು. ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ ಸಂಶೋಧನೆಯಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಮಾತ್ರೆಯಲ್ಲ, ಒಂದು ಪ್ಲಾಸ್ಟಿಕ್ ಹಾಳೆ. ಬಾಣಂತಿಯ ಕೆಳಗೆ ಹಾಸಿದರೆ ಹರಿದ ರಕ್ತವೆಲ್ಲ ಅದರ ತುದಿಯ ಗೆರೆ ಹಾಕಿದ ಚೀಲದಲ್ಲಿ ಕೂಡಿ, ಎಷ್ಟು ಮಿ.ಲೀ. ಎಂಬುದು ಕಾಣುತ್ತದೆ. ಕಣ್ಣಂದಾಜನ್ನೂ ಈ ಅಳತೆಯನ್ನೂ ಹೋಲಿಸಿದಾಗ ಕಣ್ಣಂದಾಜು ಶೇಕಡಾ 33ರಷ್ಟು ಕಡಿಮೆಯೆಂದು ಕಂಡಿತು. ತೋಟ ನೋಡಲು ಬರುವ ಚೇಣಿಯವರ ಕಣ್ಣಂದಾಜು ಸದಾ ಯಾವ ಕಡೆಗೆ ವಾಲುತ್ತದೆಂಬುದು ನಮಗೆ ಗೊತ್ತೇ ಇದೆ. ಆದರೆ ಇಲ್ಲಿ ತಪ್ಪಿದರೆ ಹೋಗುವುದು ಜೀವ. ಇಂಥದೇ ಅಳತೆ ಚೀಲವನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನೊಳಗೊಂಡ ಪರೀಕ್ಷೆಯಲ್ಲಿ ಬಳಸಿ, ಸ್ರಾವ ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇಕಡಾ 60ರಷ್ಟು ಕಡಿಮೆಯಾದವೆಂದು 2023ರಲ್ಲಿ ವರದಿ ಬಂತು.

ನಮ್ಮ ಹೆಂಗಸರು ಈಗ ಆಸ್ಪತ್ರೆಗಳಲ್ಲೇ ಹೆರುತ್ತಾರೆ, ನಿಜ. ಆದರೆ ಅಲ್ಲಿಗೆ ಹೋಗುವಾಗ ಮೈಯಲ್ಲಿ ಎಷ್ಟು ರಕ್ತವಿರುತ್ತದೆಂಬುದು ನಮ್ಮ ತೋಟದಲ್ಲೂ ಅಡಿಗೆಮನೆಯಲ್ಲೂ ತೀರ್ಮಾನವಾಗುತ್ತದೆ. ರಕ್ತಪರೀಕ್ಷೆ ಕುಂದಾಪುರದ ತಾಲೂಕು ಆಸ್ಪತ್ರೆ, ಬೈಂದೂರು ಮತ್ತು ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಆಗುತ್ತದೆ. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ 2016ರಿಂದ ನಡೆದುಬಂದಿದೆ. ಮಾತ್ರೆಯಿಂದ ಏರದವರಿಗೆ ಡ್ರಿಪ್ಪಿನ ಮೂಲಕ ಕಬ್ಬಿಣ ಕೊಡುವ ಚಿಕಿತ್ಸೆಯೂ ಇದೆ. ಇಷ್ಟೆಲ್ಲ ಇದ್ದೂ ಹೆಂಗಸರು ಹೋಗದಿರುವುದಕ್ಕೆ ಕಾರಣ ಅಜ್ಞಾನವೆಂದು ನಾವು ಬಹುಕಾಲ ನಂಬಿದ್ದೆವು. ಕೇಳಿ ನೋಡಿದಾಗ ಹೆಚ್ಚಿನವರು ಹೇಳಿದ್ದು ಒಂದೇ: ಆಸ್ಪತ್ರೆಗೆ ಹೋದರೆ ಆ ದಿನದ ಸಂಬಳವಿಲ್ಲ. ಸಂಬಳ ಕಡಿಯುವವರು ನಾವೇ ತಾನೆ?

ಸಂಘದ ಗೋದಾಮಿನಲ್ಲಿ ಅಡಿಕೆ ಆರಿಸುವ ಹೆಂಗಸರಿಗೆ ತಪಾಸಣೆಯ ದಿನ ಪೂರ್ತಿ ಸಂಬಳ ಕೊಡಬೇಕೆಂಬ ಸೂಚನೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲಿದ್ದೇವೆ. ತೋಟದಲ್ಲಿ ಹಾಗೆ ಮಾಡಲೊಪ್ಪುವ ಸದಸ್ಯರು ಎಷ್ಟು ಮಂದಿ ಹೆಂಗಸರಿದ್ದಾರೆಂದು ಕಚೇರಿಗೆ ತಿಳಿಸಿದರೆ, 9ನೇ ತಾರೀಕಿಗೆ ಸಂಘದ ಜೀಪನ್ನು ಯಾವ ದಾರಿಯಾಗಿ ಕಳುಹಿಸಬೇಕೆಂದು ಗೊತ್ತುಮಾಡಲು ಅನುಕೂಲವಾಗುತ್ತದೆ.