ಉಸಿರು ನಿಂತ ಜಾಗದಿಂದ ಎದ್ದು ಬಂದ ಮಿಕಾ

ಒಂದು ಪುಟ್ಟ ದೇಶ. ಜನಸಂಖ್ಯೆ ಐವತ್ತೈದು ಲಕ್ಷದ ಆಸುಪಾಸು. ನಮ್ಮ ಬೆಂಗಳೂರಿಗಿಂತಲೂ ಕಡಿಮೆ ಜನ! ವರ್ಷದಲ್ಲಿ ತಿಂಗಳುಗಟ್ಟಲೆ ಹಿಮ, ಕತ್ತಲು. ಅಂಥ ಫಿನ್‌ಲ್ಯಾಂಡ್ ಫಾರ್ಮುಲಾ ಒನ್‌ಗೆ ಮೂವರು ವಿಶ್ವ ಚಾಂಪಿಯನ್ನರನ್ನು ಕೊಟ್ಟಿದೆ. 1982ರಲ್ಲಿ ಕೆಕೆ ರೋಸ್‌ಬರ್ಗ್, 1998 ಮತ್ತು 1999ರಲ್ಲಿ ಮಿಕಾ ಹ್ಯಾಕಿನೆನ್, 2007ರಲ್ಲಿ ಕಿಮಿ ರೈಕೋನೆನ್. ಇವತ್ತು ನಾನು ಹೇಳೋಕೆ ಹೊರಟಿರೋದು ನಡುವಿನವನ ಕಥೆ.

ಯಾಕೆ ಈತನೇ? ಟಿವಿ ಬುಲೆಟಿನ್‌ನಲ್ಲಿ ಕಾರ್ ರೇಸಿಗೆ ಸಿಗೋದು ಮೂವತ್ತು ಸೆಕೆಂಡು. ಗೆದ್ದವನ ಹೆಸರು, ಶಾಂಪೇನ್ ಎರಚಾಟ, ಮುಗೀತು. ಆದರೆ ಮಿಕಾನ ಕಥೆಯೊಳಗೆ ಒಂದು ದೊಡ್ಡ ಪ್ರಶ್ನೆ ಇದೆ. ಸಾವಿನ ಬಾಗಿಲು ತಟ್ಟಿದ ಮನುಷ್ಯ ವಾಪಸ್ ಬಂದರೆ ನಾವು ಅದನ್ನು ಪವಾಡ ಅಂತ ಕರೆದು ಸುಮ್ಮನಾಗ್ತೀವಿ. ಅದು ನಿಜಕ್ಕೂ ಪವಾಡವಾ?

ಮೊದಲಿನಿಂದ ಹೇಳ್ತೀನಿ ಕೇಳಿ.

ಮಿಕಾ ಹುಟ್ಟಿದ್ದು 1968ರ ಸೆಪ್ಟೆಂಬರ್ 28ರಂದು, ಹೆಲ್ಸಿಂಕಿ ಪಕ್ಕದ ವಾಂಟಾದಲ್ಲಿ. ಶ್ರೀಮಂತರ ಮನೆಯೇನಲ್ಲ. ಅಪ್ಪ ರೇಡಿಯೋ ಆಪರೇಟರ್, ಜೊತೆಗೆ ಬಿಡುವಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಅಮ್ಮ ಕಚೇರಿಯೊಂದರಲ್ಲಿ ಸೆಕ್ರೆಟರಿ. ಐದು ವರ್ಷದ ಮಗುವನ್ನು ಗೋ-ಕಾರ್ಟ್‌ನಲ್ಲಿ ಕೂರಿಸಿದರು. ಏನಾಯ್ತು ಗೊತ್ತಾ? ಮೊದಲ ಸುತ್ತಿನಲ್ಲೇ ಅಪಘಾತ! ಪುಣ್ಯಕ್ಕೆ ಏಟಾಗಲಿಲ್ಲ. ನಮ್ಮಲ್ಲಾಗಿದ್ದರೆ ಅಮ್ಮಂದಿರು ಅವತ್ತೇ ಆ ಗಾಡಿಯನ್ನು ಗುಜರಿಗೆ ಹಾಕಿಸುತ್ತಿದ್ದರು. ಆದರೆ ಹುಡುಗ ಹಟ ಬಿಡಲಿಲ್ಲ. ಅಪ್ಪ ಕೊನೆಗೆ ಒಂದು ಹಳೆಯ ಕಾರ್ಟ್ ಕೊಂಡು ತಂದರು. ಅದು ಹಿಂದೆ ಫಿನ್‌ಲ್ಯಾಂಡ್‌ನ ಮತ್ತೊಬ್ಬ ಹುಡುಗ ಓಡಿಸಿದ್ದ ಗಾಡಿ. ಆ ಹುಡುಗನೇ ಮುಂದೆ ಹೆಸರಾಂತ ರ‍್ಯಾಲಿ ಚಾಲಕನಾದ ಹೆನ್ರಿ ಟೊಯ್ವೊನೆನ್.

1990ರಲ್ಲಿ ಮಿಕಾ ಬ್ರಿಟಿಷ್ ಫಾರ್ಮುಲಾ ತ್ರೀ ಚಾಂಪಿಯನ್. 1991ರಲ್ಲಿ ಲೋಟಸ್ ತಂಡದ ಮೂಲಕ ಫಾರ್ಮುಲಾ ಒನ್‌ಗೆ ಪ್ರವೇಶ. ಆತನ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಇನ್ಯಾರೂ ಅಲ್ಲ, ಅದೇ ಕೆಕೆ ರೋಸ್‌ಬರ್ಗ್. 1993ರಲ್ಲಿ ಮೆಕ್‌ಲಾರೆನ್ ತಂಡ ಸೇರಿದ, ಆದರೆ ಟೆಸ್ಟ್ ಡ್ರೈವರ್ ಆಗಿ. ಅಂದರೆ ಬೆಂಚಿನ ಮೇಲೆ ಕೂತ ಆಟಗಾರ. ವರ್ಷದ ಕೊನೆಗೆ ಪೋರ್ಚುಗಲ್‌ನ ಎಸ್ಟೋರಿಲ್‌ನಲ್ಲಿ ಅವಕಾಶ ಸಿಕ್ಕಿತು. ತಂಡದಲ್ಲಿ ಜೊತೆಗಿದ್ದಾತ ಮೂರು ಬಾರಿಯ ವಿಶ್ವ ಚಾಂಪಿಯನ್ ಅಯರ್ಟನ್ ಸೆನ್ನಾ. ಅರ್ಹತಾ ಸುತ್ತಿನಲ್ಲಿ ಮಿಕಾ ಮೂರನೆಯವನು, ಸೆನ್ನಾ ನಾಲ್ಕನೆಯವನು! ಇಡೀ ರೇಸಿಂಗ್ ಜಗತ್ತು ತಿರುಗಿ ನೋಡಿತು.

ಈಗ ಬನ್ನಿ, 1995ರ ನವೆಂಬರ್ 10ಕ್ಕೆ. ಆಸ್ಟ್ರೇಲಿಯಾದ ಅಡಿಲೇಡ್. ಊರಿನ ಬೀದಿಗಳನ್ನೇ ರೇಸ್ ಟ್ರ್ಯಾಕ್ ಮಾಡಿದ್ದರು. ಶುಕ್ರವಾರದ ಅರ್ಹತಾ ಸುತ್ತು. ಮಿಕಾನ ಕಾರಿನ ಹಿಂದಿನ ಎಡಗಡೆಯ ಟೈರ್ ಗಾಳಿ ಕಳೆದುಕೊಂಡಿತು. ಕಾರು ಹತೋಟಿ ತಪ್ಪಿ ನೇರವಾಗಿ ಗೋಡೆಗೆ ಬಡಿಯಿತು. ತಲೆಬುರುಡೆ ಬಿರುಕು ಬಿಟ್ಟಿತು. ಬಾಯಿ, ಗಂಟಲಲ್ಲಿ ರಕ್ತ. ಉಸಿರಾಟದ ದಾರಿ ಬಂದ್.

ಇಲ್ಲಿ ಸ್ವಲ್ಪ ನಿಧಾನವಾಗಿ ಗಮನಿಸಿ. ಉಸಿರು ನಿಂತ ಮೇಲೆ ಮೆದುಳಿಗೆ ಇರೋದು ಕೆಲವೇ ನಿಮಿಷ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬಂದು, ಆಸ್ಪತ್ರೆ ಸೇರಿಸಿ... ಅಷ್ಟು ಹೊತ್ತಿಲ್ಲ. ಮಿಕಾ ಬದುಕಿದ್ದು ಯಾಕೆಂದರೆ, ವೈದ್ಯರು ಆ ತಿರುವಿನ ಹತ್ತಿರವೇ ಕಾದಿದ್ದರು. ಕ್ಷಣಗಳಲ್ಲಿ ಓಡಿ ಬಂದರು. ಅಲ್ಲೇ, ಟ್ರ್ಯಾಕಿನ ಪಕ್ಕದಲ್ಲೇ, ಕತ್ತಿನ ಮುಂಭಾಗವನ್ನು ಕೊಯ್ದು ಶ್ವಾಸನಾಳಕ್ಕೆ ದಾರಿ ಮಾಡಿದರು. ಫಾರ್ಮುಲಾ ಒನ್‌ನ ಮುಖ್ಯ ವೈದ್ಯ, ನರಶಸ್ತ್ರಚಿಕಿತ್ಸಕ ಸಿಡ್ ವಾಟ್ಕಿನ್ಸ್ ಕೂಡ ಧಾವಿಸಿದರು. ಆಸ್ಪತ್ರೆ ಕೂಡ ಟ್ರ್ಯಾಕಿಗೆ ತೀರಾ ಹತ್ತಿರದಲ್ಲೇ ಇತ್ತು.

ಇದೆಲ್ಲ ತಾನಾಗೇ ಕೂಡಿಬಂದದ್ದಾ? ಖಂಡಿತ ಅಲ್ಲ. 1978ರಲ್ಲಿ ಇಟಲಿಯ ಮೊಂಜಾದಲ್ಲಿ ಸ್ವೀಡನ್ನಿನ ರಾನಿ ಪೀಟರ್ಸನ್ ಅಪಘಾತಕ್ಕೀಡಾದಾಗ ವೈದ್ಯಕೀಯ ನೆರವು ತಡವಾಗಿತ್ತು. ಮರುದಿನ ಆತ ತೀರಿಕೊಂಡ. ಆ ಸಾವಿನ ನಂತರ ವಾಟ್ಕಿನ್ಸ್ ಪಟ್ಟು ಹಿಡಿದರು. ರೇಸಿನ ಮೊದಲ ಸುತ್ತಿನಲ್ಲಿ ವೈದ್ಯರ ಕಾರು ಹಿಂದೆಯೇ ಬರಬೇಕು, ಹೆಲಿಕಾಪ್ಟರ್ ಸಿದ್ಧವಿರಬೇಕು ಅಂತೆಲ್ಲ ವ್ಯವಸ್ಥೆ ಬಂತು. ಅಂದರೆ ಅಡಿಲೇಡ್‌ನಲ್ಲಿ ಮಿಕಾನ ಜೀವ ಉಳಿಸಿದ ಕೆಲಸ ಹದಿನೇಳು ವರ್ಷ ಮೊದಲೇ ಶುರುವಾಗಿತ್ತು. ನಾವು ಪವಾಡ ಅನ್ನೋದನ್ನು ಯಾರೋ ಒಬ್ಬರು ಮೊದಲೇ ಕೂತು ಯೋಚಿಸಿ, ಜಗಳವಾಡಿ, ಸಿದ್ಧ ಮಾಡಿಟ್ಟಿರ್ತಾರೆ.

ಪಾಠ ಅಲ್ಲಿಗೇ ನಿಲ್ಲಲಿಲ್ಲ. ಕಾರು ಗೋಡೆಗೆ ಬಡಿದಾಗ ಬೆಲ್ಟು ದೇಹವನ್ನು ಹಿಡಿದಿಡುತ್ತೆ, ಆದರೆ ತಲೆಯನ್ನು ಹಿಡಿಯೋರು ಯಾರು? ಹೆಲ್ಮೆಟ್ ತೂಕದ ಸಮೇತ ತಲೆ ಮುಂದಕ್ಕೆ ಚಿಮ್ಮುತ್ತೆ. 1996ರಿಂದ ಚಾಲಕನ ತಲೆಯ ಅಕ್ಕಪಕ್ಕ ಎತ್ತರದ ಗೋಡೆ, ದಪ್ಪನೆಯ ಮೆತ್ತೆ ಕಡ್ಡಾಯವಾಯಿತು. ಹೆಗಲ ಮೇಲೆ ಕೂರುವ, ಹೆಲ್ಮೆಟ್‌ಗೆ ಪಟ್ಟಿಯಿಂದ ಕಟ್ಟುವ ಗಟ್ಟಿ ಕಾಲರ್ ಬಂತು. ಅದರ ಹೆಸರು ಹ್ಯಾನ್ಸ್. 2003ರಿಂದ ಅದಿಲ್ಲದೆ ಫಾರ್ಮುಲಾ ಒನ್ ಕಾರು ಹತ್ತುವ ಹಾಗೇ ಇಲ್ಲ.

ಮತ್ತೆ ಮಿಕಾನ ಹತ್ತಿರ ಬರೋಣ. 1996ರ ಮಾರ್ಚ್ 10. ಲೆಕ್ಕ ಹಾಕಿ, ಸರಿಯಾಗಿ ನಾಲ್ಕು ತಿಂಗಳು. ಅದೇ ಆಸ್ಟ್ರೇಲಿಯಾ, ಈ ಸಲ ಮೆಲ್ಬರ್ನ್. ಮಿಕಾ ರೇಸಿಗೆ ಇಳಿದ. ಐದನೆಯವನಾಗಿ ಮುಗಿಸಿದ. ವ್ಯವಸ್ಥೆ ಆತನ ಉಸಿರು ಉಳಿಸಿತು, ನಿಜ. ಆದರೆ ಮತ್ತೆ ಅದೇ ಸೀಟಿನಲ್ಲಿ ಕೂತು ಕಾಲನ್ನು ಆಕ್ಸಿಲರೇಟರ್ ಮೇಲೆ ಒತ್ತುವ ಎದೆಗಾರಿಕೆಯನ್ನು ಯಾವ ವೈದ್ಯ ತುಂಬಿಸೋಕೆ ಸಾಧ್ಯ? ಅದು ಆತನದ್ದೇ.

ಇಷ್ಟೆಲ್ಲ ಆದರೂ ಗೆಲುವು ಮಾತ್ರ ಸಿಕ್ಕಿರಲಿಲ್ಲ. ಅದು ಬಂದದ್ದು 1997ರ ಕೊನೆಯ ರೇಸಿನಲ್ಲಿ, ಸ್ಪೇನ್‌ನ ಹೆರೆಸ್‌ನಲ್ಲಿ. ಆರು ವರ್ಷಕ್ಕೂ ಹೆಚ್ಚು ಕಾಲ ಕಾದ ಮೇಲೆ ಮೊದಲ ಗೆಲುವು!

ಆಮೇಲೆ ಹಿಂದಿರುಗಿ ನೋಡಲಿಲ್ಲ. 1998ರಲ್ಲಿ ಎಂಟು ಗೆಲುವು. ಎದುರಾಳಿ ಫೆರಾರಿಯ ಮೈಕಲ್ ಶುಮಾಕರ್. ಕೊನೆಯ ರೇಸ್ ಜಪಾನ್‌ನ ಸುಜುಕಾದಲ್ಲಿ. ಮಿಕಾನಿಗೆ 90 ಅಂಕ, ಶುಮಾಕರ್‌ಗೆ 86. ಶುಮಾಕರ್ ಕಾರು ಹೊರಡುವ ಮೊದಲೇ ಆಫ್ ಆಯಿತು, ಕೊನೆಯ ಸಾಲಿನಿಂದ ಓಡಿ ಬಂದವನಿಗೆ ಟೈರ್ ಸಿಡಿದು ಕೈಕೊಟ್ಟಿತು. ಮಿಕಾ ಗೆದ್ದ, ಚಾಂಪಿಯನ್ ಆದ.

1999 ಅಷ್ಟು ಸಲೀಸಾಗಿರಲಿಲ್ಲ. ಶುಮಾಕರ್ ಸಿಲ್ವರ್‌ಸ್ಟೋನ್‌ನಲ್ಲಿ ಕಾಲು ಮುರಿದುಕೊಂಡ. ಇನ್ನೇನು, ಮಿಕಾನಿಗೆ ಪಟ್ಟ ಪಕ್ಕಾ ಅಂದುಕೊಂಡವರೇ ಎಲ್ಲ. ಮೊಂಜಾದಲ್ಲಿ ಮುಂದಿದ್ದವನು ಎರಡನೇ ಗೇರ್ ಬದಲು ಮೊದಲನೇ ಗೇರ್ ಹಾಕಿದ. ಕಾರು ಗಿರಕಿ ಹೊಡೆದು ಟ್ರ್ಯಾಕಿನಿಂದ ಹೊರಗೆ. ಆತ ಮರಗಳ ಮರೆಗೆ ಹೋಗಿ ಅತ್ತ. ಆದರೆ ಮೇಲೆ ಹೆಲಿಕಾಪ್ಟರ್‌ನ ಕ್ಯಾಮೆರಾ ಇತ್ತು, ಜಗತ್ತೆಲ್ಲ ನೋಡಿತು. ಕ್ಯಾಮೆರಾ ವ್ಯವಹಾರದಲ್ಲೇ ಬದುಕುವ ನನಗೆ ಆ ದೃಶ್ಯ ನೋಡಿದಾಗಲೆಲ್ಲ ಅನ್ನಿಸೋದು ಒಂದೇ: ಮನುಷ್ಯನಿಗೆ ಅಳೋದಕ್ಕಾದರೂ ಒಂದು ಮರೆ ಬೇಕಲ್ವಾ? ಆ ಅತ್ತ ಮನುಷ್ಯನೇ ಸುಜುಕಾದಲ್ಲಿ ಮತ್ತೆ ಗೆದ್ದು, ಎಡ್ಡಿ ಅರ್ವೈನ್‌ಗಿಂತ ಬರೀ ಎರಡು ಅಂಕ ಮುಂದೆ ನಿಂತು ಎರಡನೇ ಪಟ್ಟ ಹಿಡಿದ. 76–74.

2000ದ ಬೆಲ್ಜಿಯಂ ರೇಸ್ ಹೇಳದಿದ್ದರೆ ಈ ಕಥೆ ಅಪೂರ್ಣ. ಸ್ಪಾ ಟ್ರ್ಯಾಕ್, ಮುಂದೆ ಶುಮಾಕರ್. ಗಂಟೆಗೆ 300 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಆತ ಮಿಕಾನಿಗೆ ಅಡ್ಡ ಬಂದ. ಮಿಕಾ ತಾಳ್ಮೆ ಕಳೆದುಕೊಳ್ಳಲಿಲ್ಲ. ಮುಂದಿನ ಸುತ್ತಿನಲ್ಲಿ ಅದೇ ನೇರ ದಾರಿ, ನಡುವೆ ಒಂದು ಸುತ್ತು ಹಿಂದಿದ್ದ ರಿಕಾರ್ಡೊ ಜೊಂಟಾ. ಶುಮಾಕರ್ ಎಡಕ್ಕೆ ಸರಿದ, ಮಿಕಾ ಬಲಕ್ಕೆ ನುಗ್ಗಿದ! ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ. ರೇಸ್ ಮುಗಿದ ಮೇಲೆ ಕೂಗಾಟವಿಲ್ಲ, ತಳ್ಳಾಟವಿಲ್ಲ. ಶುಮಾಕರ್ ಹತ್ತಿರ ಹೋಗಿ, ಕೈ ತೋರಿಸಿ, ಮೆಲ್ಲಗೆ ಮಾತಾಡಿದ. ಅಷ್ಟೇ.

2001ರಲ್ಲಿ ಮೆಲ್ಬರ್ನ್‌ನಲ್ಲಿ ಕಾರಿನ ಸಸ್ಪೆನ್ಷನ್ ಮುರಿದು ಮತ್ತೆ ಅಪಘಾತ. ಸ್ಪೇನ್‌ನಲ್ಲಿ ಕೊನೆಯ ಸುತ್ತಿನಲ್ಲಿ, ಮುಂದಿದ್ದಾಗಲೇ ಕಾರು ಕೈಕೊಟ್ಟಿತು. ಮನೆಯಲ್ಲಿ ಪುಟ್ಟ ಮಗ ಬೇರೆ. ಇಂಡಿಯಾನಾಪೊಲಿಸ್‌ನಲ್ಲಿ ತನ್ನ ಇಪ್ಪತ್ತನೇ ಗೆಲುವು ಪಡೆದ. ಒಂದು ವರ್ಷ ಬಿಡುವು ಅಂತ ಹೊರಟವನು ಫಾರ್ಮುಲಾ ಒನ್ ರೇಸಿಗೆ ಮತ್ತೆ ಬರಲೇ ಇಲ್ಲ. ಆಗ ವಯಸ್ಸು ಇನ್ನೂ ಮೂವತ್ಮೂರು. ಆ ಸೀಟಿಗೆ ಬಂದವನು ಅದೇ ದೇಶದ ಕಿಮಿ ರೈಕೋನೆನ್.

ಹೆದರಿ ಬಿಟ್ಟ ಅನ್ನೋರೂ ಇದ್ದಾರೆ. ನಾನು ಹಾಗನ್ನೋದಿಲ್ಲ. ಗೋಡೆಗೆ ಬಡಿದ ಮೇಲೂ ನಾಲ್ಕು ತಿಂಗಳಲ್ಲಿ ವಾಪಸ್ ಬಂದವನನ್ನು ಹೇಡಿ ಅನ್ನೋಕೆ ನಮಗೇನು ಹಕ್ಕಿದೆ? ಇಪ್ಪತ್ತು ಗೆಲುವು, ಎರಡು ಪಟ್ಟ ಸಾಕು ಅನ್ನಿಸಿತು, ತಾನೇ ಬಾಗಿಲು ತೆರೆದುಕೊಂಡು ಹೊರಗೆ ನಡೆದ. ಸಾಕು ಅನ್ನೋದನ್ನು ತನ್ನ ಬಾಯಿಂದಲೇ ಹೇಳೋದಕ್ಕೂ ಧೈರ್ಯ ಬೇಕು ಸ್ವಾಮಿ.