ಕೊಟ್ಟಿಗೆಯಲ್ಲಿ ನಿಂತ ಜಾವಾವನ್ನು ಎಬ್ಬಿಸುವ ಕ್ರಮ

ಕೃಷಿಪುಟದಲ್ಲಿ ಮೋಟಾರು ಸೈಕಲಿನ ಸುದ್ದಿಯೇಕೆ ಎಂದು ಓದುಗರು ಹುಬ್ಬೇರಿಸಬಹುದು. ಕಾರಣವಿದೆ. ಕುಂಬಳೆಯಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದವರೆಗೆ ನಮ್ಮ ಕಡೆಯ ಕೆಲವು ತೋಟದ ಮನೆಗಳ ಕೊಟ್ಟಿಗೆಯಲ್ಲಿ ಅಡಿಕೆ ಮೂಟೆ, ಗೊಬ್ಬರದ ಗೋಣಿ, ಮದ್ದು ಬಿಡುವ ಪಂಪು ಇವುಗಳ ನಡುವೆ ಒಂದು ಹಳೆಯ ಜಾವಾ ಅಥವಾ ಯೆಜ್ಡಿ ಕೂಡ ಗೋಣಿ ಹೊದ್ದು ನಿಂತಿರುತ್ತದೆ. ಅಜ್ಜನೋ ದೊಡ್ಡಪ್ಪನೋ ಅದರಲ್ಲಿ ಮಂಡಿಗೆ ಅಡಿಕೆ ಒಯ್ದಿರುತ್ತಾರೆ. ಗುಜರಿಯವನು ವರ್ಷಕ್ಕೊಮ್ಮೆ ಬಂದು ತೂಕದ ಲೆಕ್ಕದಲ್ಲಿ ಕೇಳಿ ಹೋಗುತ್ತಾನೆ. ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗ ಗೋಣಿ ಸರಿಸಿ, ಟಾಂಕಿಗೆ ಪೆಟ್ರೋಲು ಸುರಿದು ಕಿಕ್ ಹೊಡೆಯಲು ಹೊರಡುತ್ತಾನೆ. ಗುಜರಿಯವನಿಗಿಂತ ಹೆಚ್ಚಿನ ಹಾನಿ ಈ ಎರಡನೆಯವನಿಂದಲೇ ಆಗುವುದು. ಹತ್ತು ಹದಿನೈದು ವರ್ಷ ಸುಮ್ಮನೆ ನಿಂತ ಇಂಜಿನನ್ನು ಒಂದು ಬೆಳಗ್ಗೆ ಎಬ್ಬಿಸಲು ಹೊರಟರೆ, ನೂರು ರೂಪಾಯಿಯಲ್ಲಿ ಸರಿಯಾಗಬಹುದಾದ ಗಾಡಿ ಸಾವಿರಗಟ್ಟಲೆ ಖರ್ಚಿಗೆ ಬೀಳುತ್ತದೆ.

ಈ ಗಾಡಿ ಮೂಲದಲ್ಲಿ ಚೆಕೊಸ್ಲೊವಾಕಿಯದ್ದು. ಯಾನೆಚೆಕ್ ಎಂಬವರು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪೆನಿಯಿಂದ ಮೋಟಾರು ಸೈಕಲು ಮಾಡುವ ಹಕ್ಕನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಎಂದಾಯಿತು. ನಮ್ಮ ದೇಶದಲ್ಲಿ ಅದನ್ನು ಮಾಡಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಟಾಂಕಿಯ ಮೇಲಿನ ಹೆಸರು ಯೆಜ್ಡಿ ಎಂದು ಬದಲಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಲ್ಲಿ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬಂದ ಹೊಸ ಗಾಡಿಗಳ ಇಂಜಿನೇ ಬೇರೆ; ಅವುಗಳ ಸಾಮಾನು ಇದಕ್ಕೆ ಹೊಂದುವುದಿಲ್ಲ. ಶೋರೂಮಿಗೆ ಹೋಗಿ ಕೇಳುವ ಶ್ರಮ ಬೇಡ.

ನಮ್ಮ ಸೀಮೆ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದರೂ ಪೇಟೆಯ ವ್ಯವಹಾರ ಮಂಗಳೂರು, ಪುತ್ತೂರುಗಳಲ್ಲೇ ಉಳಿಯಿತಷ್ಟೆ. ಹಾಗಾಗಿ ಅಲ್ಲಿಂದಲೇ ಗಾಡಿ ತಂದವರೂ ಇದ್ದಾರೆ, ಅಂಥವುಗಳ ನಂಬರೂ ಅಲ್ಲಿಯದೇ. ಇದು ಮುಂದೆ ಹೇಗೆ ತೊಡಕಾಗುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇವೆ.

ಮೊದಲು ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ ತನ್ನಿ. ಅದು ಇಷ್ಟು ವರ್ಷ ಎಲ್ಲಿ ನಿಂತಿತ್ತು ಎಂಬುದು ಬಹಳ ಮುಖ್ಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಆ ತೇವವೊಂದೇ ಸಾಕು. ಅದರ ಜತೆಗೆ ಪೊಟಾಷ್ ಗೊಬ್ಬರದ ಚೀಲ ಪಕ್ಕದಲ್ಲಿದ್ದರೆ ಕೇಳುವುದೇ ಬೇಡ. ಮ್ಯೂರಿಯೇಟ್ ಆಫ್ ಪೊಟಾಷ್ ಎಂಬುದು ಉಪ್ಪಿನ ಜಾತಿಯದೇ. ಗಾಳಿಯ ನೀರನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಕೊಳೆರೋಗಕ್ಕೆ ಬಿಡುವ ಮದ್ದಿನ ಮೈಲುತುತ್ತು ಇನ್ನೂ ಕೆಟ್ಟದು. ಅದರ ನೀರು ಬಿದ್ದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಸವೆಯುತ್ತವೆ. ಮೈಲುತುತ್ತನ್ನು ಕಬ್ಬಿಣದ ಬಕೆಟಿನಲ್ಲಿ ಕರಗಿಸಬಾರದೆಂದು ಹಿರಿಯರು ಹೇಳುವುದು ಇದಕ್ಕೇ. ಜಾವಾದ ಇಂಜಿನ್ ಕವಚ ಅಲ್ಯೂಮಿನಿಯಂನದು. ಅದರ ಮೇಲೆ ಬಿಳಿ ಹಿಟ್ಟಿನಂಥ ಪದರ ಅಥವಾ ನೀಲಿಹಸಿರು ಕಲೆ ಕಂಡರೆ ಬ್ರಷ್ಷಿನಿಂದ ಉಜ್ಜಿ ತೊಳೆದು, ತಳದವರೆಗೆ ತೂತಾಗಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಹೊಗೆ ಕೊಳವೆಗಳೊಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರಬಹುದು, ಸೀಟಿನೊಳಗೆ ಇಲಿ ಮರಿ ಹಾಕಿರಬಹುದು. ಕೋಲು ಹಾಕಿ ನೋಡದೆ ಕೈ ಹಾಕಬೇಡಿ.

ಈಗ ಇಂಜಿನು. ಕಿಕ್ ಹೊಡೆಯಬಾರದೆಂದು ಪುನಃ ಹೇಳುತ್ತೇವೆ. ಜಾವಾದಲ್ಲಿ ಗೇರು ಹಾಕುವ ಸನ್ನೆಯನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುವುದು. ಒಳಗೆ ಪಿಸ್ಟನ್ನಿನ ಬಳೆಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿರುವಾಗ ಆ ಸನ್ನೆಯ ಮೇಲೆ ನಿಂತು ತುಳಿದರೆ ಒಳಗಿನ ಹಲ್ಲುಗಳು ಮುರಿಯುತ್ತವೆ. ಮಾಡಬೇಕಾದ್ದು ಇಷ್ಟು: ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಅರ್ಧ ಡೀಸೆಲ್, ಅರ್ಧ ಇಂಜಿನ್ ಆಯಿಲ್ ಬೆರೆಸಿದ್ದನ್ನು ಕಾಲು ಲೋಟದಷ್ಟು ಸುರಿಯಿರಿ. ತೂತಿಗೆ ಬಟ್ಟೆ ತುರುಕಿ ಒಂದು ವಾರ ಬಿಡಿ. ದಿನಕ್ಕೊಮ್ಮೆ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ ನೋಡಿ. ಒಂದು ನೂಲಿನಷ್ಟು ಕದಲಿದರೂ ಅಂದಿಗೆ ಸಾಕು. ನಾಳೆ ಇನ್ನಷ್ಟು ಕದಲುತ್ತದೆ. ವಾರ ಕಳೆದರೂ ಕಲ್ಲಿನಂತಿದ್ದರೆ ಸಿಲಿಂಡರನ್ನು ಬಿಚ್ಚಲೇಬೇಕು. ಅದು ತಿಳಿದವರ ಕೈಯಲ್ಲಿ ಆಗಲಿ.

ಎಣ್ಣೆ ನೆನೆಯುವ ಈ ವಾರವನ್ನು ಸುಮ್ಮನೆ ಕಳೆಯದೆ ಕಾಗದಪತ್ರ ಹುಡುಕಿ. ಬಣ್ಣಕ್ಕೂ ಬಿಡಿಭಾಗಕ್ಕೂ ಹಣ ಸುರಿದ ಮೇಲೆ ಕಾಗದವಿಲ್ಲವೆಂದು ತಿಳಿದರೆ ಗಾಡಿ ಅಂಗಳದಲ್ಲೇ ಉಳಿಯಬೇಕಾಗುತ್ತದೆ. ಖಾಸಗಿ ಗಾಡಿಯ ರಿಜಿಸ್ಟ್ರೇಷನಿಗೆ 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಮೋಟಾರು ಸೈಕಲಿನ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 1000 ರೂಪಾಯಿ ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಅದನ್ನು 2000ಕ್ಕೆ ಏರಿಸಿದರು. ತೆರಿಗೆ, ತಡವಾದುದರ ದಂಡ, ವಿಮೆ, ಹೊಗೆ ಪರೀಕ್ಷೆ ಎಲ್ಲ ಬೇರೆ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ಅಣ್ಣತಮ್ಮಂದಿರ ಒಪ್ಪಿಗೆಯನ್ನು ಬರೆದು ತೆಗೆದುಕೊಳ್ಳುವುದು ಒಳ್ಳೆಯದು. ತೋಟದ ಪಾಲಿಗಿಂತ ಅಪ್ಪನ ಗಾಡಿಯ ಪಾಲಿಗೆ ಜಗಳ ದೊಡ್ಡದಾದೀತು.

ಗಾಡಿಯ ನಂಬರು ಕರ್ನಾಟಕದ್ದಾದರೆ ಇನ್ನೊಂದು ಮೆಟ್ಟಿಲಿದೆ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯಿದೆಯ 47ನೇ ಕಲಮು ಹೇಳುತ್ತದೆ. ಅದಕ್ಕೆ ಹಳೆಯ ಕಚೇರಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಮಂಗಳೂರಿನ ಕೆ.ಎ. 19, ಪುತ್ತೂರಿನ ಕೆ.ಎ. 21 ಗಾಡಿಯಾದರೆ ಅಲ್ಲಿಗೆ ಹೋಗಿ ಪತ್ರ ತಂದು, ಕಾಸರಗೋಡಿನ ಕೆ.ಎಲ್. 14 ಅಥವಾ ಕಾಞಂಗಾಡಿನ ಕೆ.ಎಲ್. 60 ಮಾಡಿಸಿಕೊಳ್ಳಬೇಕು. ಇನ್ನೂ ಹಳೆಯ ಗಾಡಿಗಳ ದಾಖಲೆ ಗಣಕಯಂತ್ರಕ್ಕೆ ಏರದೆ ಕಚೇರಿಯ ದಪ್ಪ ಪುಸ್ತಕದಲ್ಲೇ ಉಳಿದಿರುವುದುಂಟು. ಮನೆಯಲ್ಲಿ ಮೂಲ ಆರ್.ಸಿ. ಪುಸ್ತಕವಿದ್ದರೆ ಅದನ್ನು ತೋರಿಸಿ ಪರಿವಾಹನ್ ದಾಖಲೆಗೆ ಸೇರಿಸಿಕೊಳ್ಳಿ. ಆ ಪುಸ್ತಕ ಪೆಟ್ಟಿಗೆಯ ತಳದಲ್ಲೋ ಅಟ್ಟದಲ್ಲೋ ಇರುತ್ತದೆ. ಗೆದ್ದಲಿಗೆ ಮುಂಚೆ ನಿಮಗೆ ಸಿಗಲಿ.

ಕಚೇರಿಯವರು ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ಪುಸ್ತಕದಲ್ಲಿರುವ ನಂಬರಿಗೂ ಈ ಅಚ್ಚಿಗೂ ತಾಳೆಯಾಗಬೇಕು. ಹಳೆ ಬಣ್ಣ ತೆಗೆಯುವ ಭರದಲ್ಲಿ ಗ್ರೈಂಡರ್ ಹಿಡಿದು ಆ ಅಂಕಿಗಳನ್ನು ಉಜ್ಜಿಬಿಟ್ಟರೆ ಗಾಡಿಯ ಜಾತಕವೇ ಹೋದ ಹಾಗೆ. ಅಂಕಿಗಳಿರುವ ಜಾಗಕ್ಕೆ ಮೊದಲೇ ಗ್ರೀಸು ಬಳಿದು ಟೇಪು ಸುತ್ತಿ, ಬಣ್ಣದವನಿಗೆ ಬಾಯಿಬಿಟ್ಟು ಹೇಳಿ.

ಪಿಸ್ಟನ್ ಕದಲಿತು, ಕಾಗದವೂ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಇಲ್ಲಿ ಎಲ್ಲರೂ ಅವಸರಪಡುತ್ತಾರೆ. ಜಾವಾ ಎರಡು ಸ್ಟ್ರೋಕಿನ ಇಂಜಿನು. ತೋಟದಲ್ಲಿ ಹುಲ್ಲು ಹೆರೆಯುವ ಯಂತ್ರದ ಹಾಗೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥದು. ಇದರಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಯೂ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕೋಣೆ ಪೆಟ್ರೋಲು ಗಾಳಿಯನ್ನು ಎಳೆದುಕೊಳ್ಳುತ್ತದೆ, ಇಳಿಯುವಾಗ ಅದನ್ನೇ ಮೇಲಕ್ಕೆ ದೂಡುತ್ತದೆ. ಆದುದರಿಂದ ಕೆಳಕೋಣೆಗೆ ಎಲ್ಲಿಂದಲೂ ಗಾಳಿ ಸೋರಬಾರದು. ಅದನ್ನು ಕಾಯುವುದು ಕ್ರಾಂಕಿನ ಎರಡು ತುದಿಯಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು. ವರ್ಷಗಟ್ಟಲೆ ನಿಂತಾಗ ಈ ರಬ್ಬರು ಒಣಗಿ ದಂಡಕ್ಕೆ ಕಚ್ಚಿಕೊಳ್ಳುತ್ತದೆ. ಇಂಜಿನು ಹೊರಟ ಮೊದಲ ಗಳಿಗೆಯಲ್ಲೇ ಅದರ ತುಟಿ ಹರಿಯುತ್ತದೆ.

ಎಡಬದಿಯ, ಅಂದರೆ ಕ್ಲಚ್ ಬದಿಯ ಸೀಲು ಹರಿದರೆ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಇಂಜಿನು ಕುಡಿಯುತ್ತದೆ. ಊರೆಲ್ಲ ಬಿಳಿ ಹೊಗೆ. ಇದು ಕಣ್ಣಿಗೆ ಕಾಣುವ ರೋಗ, ಅಪಾಯ ಕಡಿಮೆ. ಬಲಬದಿಯ, ಡೈನಮೋ ಕಡೆಯ ಸೀಲು ಹರಿದರೆ ಹೊಗೆಯಿಲ್ಲ, ಸದ್ದೂ ಚೆನ್ನಾಗಿಯೇ ಇರುತ್ತದೆ. ಆದರೆ ಹೊರಗಿನ ಗಾಳಿ ಒಳಸೇರಿ ಪೆಟ್ರೋಲು ತೆಳುವಾಗುತ್ತದೆ, ಅದರ ಜತೆಗೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಇಂಜಿನು ಅತಿಯಾಗಿ ಕಾಯ್ದು ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತಲ್ಲೇ ನಿಲ್ಲುತ್ತದೆ. ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ರಸ್ತೆಯ ಇಳಿಜಾರು ತಿರುವಿನಲ್ಲಿ ಹಾಗಾದರೆ ಸವಾರನ ಗತಿಯೇನು? ಬೆಲೆಯಲ್ಲಿ ಈ ಸೀಲುಗಳು ಇಡೀ ಗಾಡಿಯಲ್ಲೇ ಅಗ್ಗದ ಸಾಮಾನು. ನೋಡಲು ಚೆನ್ನಾಗಿವೆ ಎಂಬ ಕಾರಣಕ್ಕೆ ಹಳೆಯವನ್ನೇ ಉಳಿಸಿಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ಉಳಿತಾಯವಲ್ಲ. ಬಿಚ್ಚಿದಾಗ ಪಿಸ್ಟನ್ ಕೋಲಿನ ಕೆಳತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ. ಟಕಟಕ ಎಂದು ಸಡಿಲಾಗಿದ್ದರೆ ಬೇರಿಂಗು ಹೋಗಿದೆ. ಆ ಕೆಲಸಕ್ಕೆ ಒತ್ತುಯಂತ್ರವಿರುವ ಮಂಗಳೂರು, ಮೈಸೂರಿನಂಥ ಊರುಗಳಿಗೇ ಹೋಗಬೇಕು. ಜಾವಾದ ಕೈ ಪಳಗಿದ ಮೆಕ್ಯಾನಿಕರು ಮೈಸೂರಿನಲ್ಲಿ ಇಂದಿಗೂ ಇದ್ದಾರೆ.

ಟಾಂಕಿಯ ಒಳಗೆ ಟಾರ್ಚು ಬಿಟ್ಟು ನೋಡಿ. ಕೆಂಪು ತುಕ್ಕು, ಹಳೆ ಪೆಟ್ರೋಲಿನ ಅಂಟು ಎರಡೂ ಇರುತ್ತವೆ. ಅಂಟನ್ನು ಮೊದಲು ಬಟ್ಟೆಸೋಡಾ ಕರಗಿಸಿದ ಬಿಸಿನೀರಿನಿಂದ ತೊಳೆಯಬೇಕು. ತುಕ್ಕಿಗೆ ಪೇಟೆಯ ಆಸಿಡ್ ಬೇಡ, ಅದು ತಗಡನ್ನೇ ತಿನ್ನುತ್ತದೆ. ವಿನೆಗರ್ ಸುರಿದು ಎರಡು ದಿನ ಇಡಿ. ನಮ್ಮ ಹಿತ್ತಿಲ ಬಿಂಬುಳಿಯ ರಸದಲ್ಲಿಯೂ ತುಕ್ಕು ಬಿಡಿಸುವ ಆಕ್ಸಾಲಿಕ್ ಆಮ್ಲವಿದೆ. ಸೋಸಿದ ರಸ ಸಾಕಷ್ಟಿದ್ದರೆ ಅದೂ ಆದೀತು. ಯಾವುದನ್ನು ಹಾಕಿದರೂ ಕೊನೆಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಪೂರ್ಣ ಒಣಗಿಸಿ, ಕೂಡಲೇ ಎಣ್ಣೆ ಸವರಿ. ಇಲ್ಲವಾದರೆ ಮರುದಿನವೇ ಹೊಸ ತುಕ್ಕು ಹತ್ತುತ್ತದೆ.

ಕಾರ್ಬುರೇಟರಿನ ಹಿತ್ತಾಳೆಯ ಜೆಟ್ಟುಗಳಿಗೆ ತಂತಿ ತೂರಿಸುವುದು ನಮ್ಮವರ ಹಳೆಯ ಚಾಳಿ. ತೂತು ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ರಬ್ಬರಿನ ಕೊಳವೆ, ವಾಷರು ಎಲ್ಲವನ್ನೂ ಹೊಸತು ಮಾಡಿ. ಯಾಕೆಂದರೆ ಈ ಗಾಡಿ ಹುಟ್ಟಿದ ಕಾಲದ ಪೆಟ್ರೋಲು ಈಗಿಲ್ಲ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ನೀರನ್ನೂ ಹೀರುತ್ತದೆ. ನಮ್ಮ ಆಟಿಯ ಮಳೆಯಲ್ಲಿ ತಿಂಗಳುಗಟ್ಟಲೆ ಟಾಂಕಿಯಲ್ಲಿ ಉಳಿದರೆ ನೀರು ಬೇರೆಯಾಗಿ ತಳಕ್ಕಿಳಿದು ಅಲ್ಲಿಂದಲೇ ತುಕ್ಕು ಸುರುವಾಗುತ್ತದೆ. ಬೇಕಾದಷ್ಟೇ ತುಂಬಿಸಿ. ಲೀಟರಿಗೆ 40 ಮಿ.ಲೀ. ಟೂ-ಟಿ ಎಣ್ಣೆಯನ್ನು ಬೇರೆ ಡಬ್ಬದಲ್ಲಿ ಕುಲುಕಿ ಬೆರೆಸಿಯೇ ಟಾಂಕಿಗೆ ಹಾಕಿ.

ಉಳಿದವುಗಳನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ವಯರುಗಳನ್ನು ಇಲಿ ಕಡಿದಿರುತ್ತದೆ, ತೇಪೆ ಹಾಕದೆ ಹೊಸತು ಎಳೆಸಿ. ಹಳೆಯ ಜಾವಾಗಳಿಗೆ 6 ವೋಲ್ಟಿನ ಬ್ಯಾಟರಿ. ಅಂಗಡಿಯವನು 12 ಕೊಟ್ಟರೆ ತರಬೇಡಿ. ಪಾಯಿಂಟಿನ ಸಂದು 0.4 ಮಿ.ಮೀ. ಇರಲಿ. ಬ್ರೇಕಿನ ಡ್ರಮ್ಮು ಬಿಚ್ಚಿ ಲೈನಿಂಗು ಶೂವಿನಿಂದ ಎದ್ದಿದೆಯೇ ನೋಡಿ; ನಮ್ಮ ತೇವಕ್ಕೆ ಅದು ಹಪ್ಪಳದಂತೆ ಏಳುತ್ತದೆ. ಟಯರಿನ ಗೆರೆ ಎಷ್ಟೇ ಹೊಸದಾಗಿ ಕಂಡರೂ ಬದಿ ಬಿರಿದಿದ್ದರೆ ಅದು ತೆಂಗಿನ ಕಟ್ಟೆಗೆ ಸಾಕು, ರಸ್ತೆಗೆ ಬೇಡ.

ಇಷ್ಟಾದ ಮೇಲೆ ಕಿಕ್ ಹೊಡೆಯಿರಿ, ಬಯಲಿನಲ್ಲಿ. ಮೊದಲ ಹೊಗೆ ದಟ್ಟವಾಗಿರುತ್ತದೆ. ಒಳಗೆ ಸುರಿದ ಎಣ್ಣೆ ಸುಡುವುದು ಅದು. ಹತ್ತು ನಿಮಿಷದಲ್ಲಿ ಇಳಿಯಬೇಕು. ಇಳಿಯದಿದ್ದರೆ ಎಡದ ಸೀಲನ್ನು ನೆನಪಿಸಿಕೊಳ್ಳಿ. ಪೆಟ್ರೋಲಿನ ಗುಂಡಿ ಬಿಟ್ಟರೂ ಇಂಜಿನಿನ ಓಟ ಇಳಿಯದೆ ಏರುತ್ತಲೇ ಇದ್ದರೆ ತಕ್ಷಣ ನಿಲ್ಲಿಸಿ, ಬಲದ್ದನ್ನು ನೋಡಿ. ಹೊಸ ಪಿಸ್ಟನ್ ಹಾಕಿದ್ದರೆ ಮೊದಲ 500 ಕಿ.ಮೀ. ಅವಸರವಿಲ್ಲದೆ ಓಡಿಸಿ, ಏರಿನಲ್ಲಿ ಹಿಂದೆ ಮೂಟೆ ಬೇಡ.

ಬಣ್ಣದ ಮಾತು ಕೊನೆಗೆ. ಹಲವರು ಅದರಿಂದಲೇ ತೊಡಗುತ್ತಾರೆ. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ಎಂಬ ಬೇರೆ ರಿಜಿಸ್ಟ್ರೇಷನ್ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ವಿ.ಎ. ಎಂಬ ಅಕ್ಷರ, ಹತ್ತು ವರ್ಷದ ಅವಧಿ. ಹೆಸರು ಚಂದವಿದೆ, ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ ಮುಂತಾದವಕ್ಕೆ ಮಾತ್ರ ರಸ್ತೆಗೆ ತರಬಹುದು. ವಾರಕ್ಕೊಮ್ಮೆ ಬದಿಯಡ್ಕ ಪೇಟೆಗೆ ಹೋಗಿ ಬರಬೇಕೆಂಬ ರೈತನಿಗೆ ಸಾಮಾನ್ಯ ನವೀಕರಣವೇ ಲಾಭ.

ಮುಂದಿನ ಮಳೆಗಾಲಕ್ಕೆ ಮತ್ತೆ ನಿಲ್ಲಿಸುವುದಾದರೆ ಟಾಂಕಿ ಖಾಲಿ ಮಾಡಿ ಎಣ್ಣೆ ಸವರಿ, ಕಾರ್ಬುರೇಟರಿನ ಪೆಟ್ರೋಲನ್ನೂ ಇಳಿಸಿ, ಪ್ಲಗ್ ಬಿಚ್ಚಿ ಎರಡು ಚಮಚ ಟೂ-ಟಿ ಎಣ್ಣೆ ಬಿಟ್ಟು ಎರಡು ಸುತ್ತು ತಿರುಗಿಸಿ. ನಡುಸ್ಟ್ಯಾಂಡಿನ ಕೆಳಗೆ ಹಲಗೆ ಇಡಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ಹಳೆ ಪಂಚೆಯೋ ಕಂಬಳಿಯೋ ಸಾಕು. ಮೈಲುತುತ್ತಿನ ಚೀಲ ಬೇರೆ ಮೂಲೆಗೆ ಹೋಗಲಿ.